ನಕ್ಷೆಯ ಮೇಲಿನ ಹಳೆಯ ಗೆರೆ

ಕಳೆದ ವರ್ಷ ದೀಪಾವಳಿ ಕಳೆದ ಮರುವಾರ ಮಿಲ್ಪಿಟಾಸ್‌ನಲ್ಲಿರುವ ಪರಿಚಿತರೊಬ್ಬರು ಫೋನ್ ಮಾಡಿದರು. "ಮೇಡಂ, ವರ್ತೂರಿನ ಆಚೆ ಒಂದು ಸೈಟು ಬಂದಿದೆ. ನೀವು ಮ್ಯಾಪಿನ ಕೆಲಸ ಮಾಡೋರಲ್ವಾ, ಸ್ವಲ್ಪ ನೋಡಿ ಹೇಳ್ತೀರಾ?" ನಾನು ವಿಶ್ವವಿದ್ಯಾಲಯವೊಂದರಲ್ಲಿ ಭೂಬಳಕೆಯ ನಕ್ಷೆಗಳ ಬಗ್ಗೆ ಸಂಶೋಧನೆ ಮಾಡುವವಳು ಎಂಬುದು ಇಲ್ಲಿನ ಕನ್ನಡಿಗರ ವಲಯದಲ್ಲಿ ತಿಳಿದಂದಿನಿಂದ ಇಂಥ ಕರೆಗಳು ವರ್ಷಕ್ಕೆ ಐದಾರಾದರೂ ಬರುತ್ತವೆ, ಮದುವೆ ಮನೆಯಲ್ಲಿ ಸಿಕ್ಕ ವೈದ್ಯರಿಗೆ ಮಂಡಿನೋವು ಹೇಳಿಕೊಂಡ ಹಾಗೆ. ಅವರು ಕಳಿಸಿದ ಸರ್ವೆ ನಂಬರನ್ನು ದಿಶಾಂಕ್ ಆ್ಯಪಿನಲ್ಲಿ ಹುಡುಕಿದೆ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ಈ ಆ್ಯಪ್, ಕಂದಾಯ ಇಲಾಖೆಯ ಹಳೆಯ ಗ್ರಾಮ ನಕ್ಷೆಗಳನ್ನು ಉಪಗ್ರಹ ಚಿತ್ರದ ಮೇಲೆ ಹೊದಿಸಿ ತೋರಿಸುತ್ತದೆ. ಉಪಗ್ರಹ ಚಿತ್ರದಲ್ಲಿ ಕಂಡದ್ದು ಮಟ್ಟಸವಾದ ಕೆಮ್ಮಣ್ಣು, ಸಾಲುಸಾಲಾಗಿ ಗುರುತು ಹಾಕಿದ ಮೂವತ್ತು ನಲವತ್ತರ ನಿವೇಶನಗಳು, ಸುತ್ತ ಕಾಂಪೌಂಡು. ಗ್ರಾಮ ನಕ್ಷೆಯ ಪದರವನ್ನು ಮೇಲೆ ತಂದಾಗ, ಬಡಾವಣೆಯ ಈಶಾನ್ಯ ಮೂಲೆಯನ್ನು ಹಾಯ್ದು ಒಂದು ಜೋಡಿಗೆರೆ ಕೆರೆಯ ಕಡೆಗೆ ಹೋಗಿತ್ತು. ಹಳ್ಳ.

ಹೇಳಿದೆ. ಅತ್ತ ಕಡೆಯಿಂದ ಅರೆಕ್ಷಣ ಮೌನ, ಆಮೇಲೆ: "ಆ ಗೆರೆ ಹಳೇ ಮ್ಯಾಪಿಂದು ಅಲ್ವಾ ಮೇಡಂ? ಈಗ ಅಲ್ಲಿ ಏನೂ ಇಲ್ಲ. ಪ್ಲಾನ್ ಅಪ್ರೂವ್ ಆಗಿದೆ, ಬ್ಯಾಂಕು ಲೋನ್ ಕೊಡ್ತಿದೆ."

ಅವರನ್ನು ಗೇಲಿ ಮಾಡಲು ನನಗೆ ಅಧಿಕಾರವಿಲ್ಲ. ಹದಿನೈದು ವರ್ಷಗಳ ಹಿಂದೆ, ಪಿಎಚ್‌ಡಿ ಮುಗಿಸಿ ಮೊದಲ ಕೆಲಸ ಸಿಕ್ಕಿದ ಹುಮ್ಮಸ್ಸಿನಲ್ಲಿ, ನಾನೂ ಬೆಂಗಳೂರಿನ ಪೂರ್ವ ಭಾಗದಲ್ಲಿ ಒಂದು ಫ್ಲ್ಯಾಟು ಕೊಂಡೆ. ನಕ್ಷೆಗಳ ಮೇಲೆ ಪ್ರಬಂಧ ಬರೆದಿದ್ದ ನಾನು, ಕೊಳ್ಳುವ ಮುನ್ನ ಆ ಜಾಗದ ಗ್ರಾಮ ನಕ್ಷೆಯನ್ನು ತರಿಸಿ ನೋಡಲಿಲ್ಲ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ, ಹೊರ ವರ್ತುಲ ರಸ್ತೆಯ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಾಗ, ನಮ್ಮ ಕಟ್ಟಡದ ನೆಲಮಾಳಿಗೆ ತುಂಬಿತ್ತು. ನನ್ನ ಫ್ಲ್ಯಾಟು ನಾಲ್ಕನೆಯ ಮಹಡಿಯಲ್ಲಿದೆ. ಒಂದು ಹನಿಯೂ ಒಳಗೆ ಬರಲಿಲ್ಲ. ನೆಲಮಾಳಿಗೆಯ ಕೋಣೆಯಲ್ಲಿದ್ದದ್ದು ರಾಯಚೂರಿನ ಕಡೆಯಿಂದ ಬಂದ ಕಾವಲುಗಾರನ ಸಂಸಾರ. ಹಾಸಿಗೆ, ಒಲೆ, ಮಕ್ಕಳ ಪುಸ್ತಕ, ರೇಷನ್ ಕಾರ್ಡು ಎಲ್ಲ ಹೋದವು. ಆಗಲೇ ನಾನು ಮೊದಲ ಬಾರಿಗೆ ಆ ಸರ್ವೆ ನಂಬರಿನ ನಕ್ಷೆ ತೆಗೆದು ನೋಡಿದ್ದು. ಅಲ್ಲಿಯೂ ಗೆರೆಯಿತ್ತು.

ಡಿಜಿಟಲ್ ನಕ್ಷೆಗಳು ಬಂದರೆ ಭೂ ಅಭಿವೃದ್ಧಿ ತಾನಾಗಿಯೇ ಸುಸ್ಥಿರವಾಗುತ್ತದೆ ಎಂಬ ನಂಬಿಕೆ ನನ್ನ ವೃತ್ತಿಯಲ್ಲಿ ಗಟ್ಟಿಯಾಗಿದೆ. ಸರ್ಕಾರಗಳು ಅದನ್ನು ಮಾರುತ್ತವೆ, ಸಾಫ್ಟ್‌ವೇರ್ ಕಂಪನಿಗಳು ಇನ್ನಷ್ಟು ಮಾರುತ್ತವೆ. ನನ್ನ ಅನುಭವ ಬೇರೆ. ನಕ್ಷೆ ತನ್ನೊಳಗೆ ಸೇರಿಸಿದ ಪದರಗಳ ಬಗ್ಗೆ ಮಾತ್ರ ಮಾತಾಡುತ್ತದೆ. ಸೇರಿಸದೆ ಬಿಟ್ಟದ್ದರ ಬಗ್ಗೆ ಸೊಲ್ಲೆತ್ತುವುದಿಲ್ಲ. ಯಾವ ಪದರ ಸೇರಬೇಕು, ಯಾವುದು ಬೇಡ ಎಂಬ ತೀರ್ಮಾನವನ್ನು ಆ ನೆಲದ ಮೇಲೆ ಬದುಕುವವರು ಪ್ರಶ್ನಿಸುವ ಹಕ್ಕು ಪಡೆಯುವವರೆಗೆ, ಎಷ್ಟು ನಿಖರವಾದ ನಕ್ಷೆಯೂ ಅಧಿಕಾರದ ಕಡತವಾಗಿಯೇ ಉಳಿಯುತ್ತದೆ. ಇದಕ್ಕೆ ನಾನು ವಾಸಿಸುವ ಕೊಲ್ಲಿ ಪ್ರದೇಶಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗುವುದು ಕಷ್ಟ.

1959ರಲ್ಲಿ ಅಮೆರಿಕದ ಸೈನ್ಯದ ಎಂಜಿನಿಯರುಗಳ ದಳ, ಆರ್ಮಿ ಕೋರ್ ಆಫ್ ಎಂಜಿನಿಯರ್ಸ್, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಭವಿಷ್ಯದ ಬಗ್ಗೆ ಒಂದು ವರದಿ ಸಿದ್ಧಪಡಿಸಿತು. ಅದರಲ್ಲಿ 2020ರ ಹೊತ್ತಿಗೆ ಕೊಲ್ಲಿ ಹೇಗಿರಬಹುದೆಂದು ತೋರಿಸುವ ನಕ್ಷೆಯಿತ್ತು. ಆಳ ಕಡಿಮೆಯಿರುವ ಕಡೆಗಳೆಲ್ಲ ಮಣ್ಣು ತುಂಬಲು ಯೋಗ್ಯ ಎಂದು ಗುರುತಿಸಿದಾಗ ಉಳಿದದ್ದು ಹಡಗು ಹೋಗುವಷ್ಟು ಅಗಲದ ಒಂದು ಕಾಲುವೆ. ಆ ಹೊತ್ತಿಗಾಗಲೇ ಕೊಲ್ಲಿಯ ಸುಮಾರು ಮೂರನೆಯ ಒಂದು ಭಾಗವನ್ನು ಏರಿ ಕಟ್ಟಿ ಅಥವಾ ಮಣ್ಣು ತುಂಬಿ ನೀರಿನಿಂದ ಬೇರ್ಪಡಿಸಲಾಗಿತ್ತು. ಬರ್ಕ್‌ಲಿ ನಗರವೊಂದೇ ಇನ್ನೂ 2,000 ಎಕರೆ ತುಂಬಿ ತನ್ನ ವಿಸ್ತೀರ್ಣವನ್ನು ಹಿಗ್ಗಿಸುವ ಯೋಜನೆ ಹಾಕಿತ್ತು.

ಆ ನಕ್ಷೆಯಲ್ಲಿ ತಾಂತ್ರಿಕ ತಪ್ಪೇನೂ ಇರಲಿಲ್ಲ. ಎಲ್ಲಿ ತುಂಬಬಹುದು ಎಂಬ ಪ್ರಶ್ನೆಗೆ ಅದು ಸರಿಯಾದ ಉತ್ತರವನ್ನೇ ಕೊಟ್ಟಿತ್ತು. ಅದು ಪತ್ರಿಕೆಯಲ್ಲಿ ಅಚ್ಚಾದಾಗ ಬರ್ಕ್‌ಲಿಯ ಮೂವರು ಹೆಂಗಸರು ಅದನ್ನು ಬೇರೆಯೇ ರೀತಿಯಲ್ಲಿ ಓದಿದರು: ಹೀಗಾದರೆ ನಮಗೆ ಉಳಿಯುವುದೇನು? ಕೇ ಕರ್, ಸಿಲ್ವಿಯಾ ಮೆಕ್ಲಾಫ್ಲಿನ್, ಎಸ್ತರ್ ಗ್ಯೂಲಿಕ್. ಮೂವರಲ್ಲಿ ಯಾರೂ ಎಂಜಿನಿಯರ್ ಅಲ್ಲ, ಭೂಗೋಳ ಶಾಸ್ತ್ರಜ್ಞೆಯಲ್ಲ. (ಅವರ ಗಂಡಂದಿರು ಪ್ರಭಾವಿಗಳಾಗಿದ್ದರು, ಕೇ ಕರ್ ಅವರ ಪತಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷರೇ ಆಗಿದ್ದರು ಎಂಬುದನ್ನೂ ಮರೆಯಬಾರದು. ಆಲ್ವಿಸೋದ ಕೂಲಿ ಹೆಂಗಸೊಬ್ಬಳು ಅದೇ ನಕ್ಷೆ ಹಿಡಿದು ಹೋಗಿದ್ದರೆ ಬಾಗಿಲು ತೆರೆಯುತ್ತಿತ್ತೇ?) 1961ರಲ್ಲಿ ಅವರು ಕಟ್ಟಿದ ಸಂಘಕ್ಕೆ ಸದಸ್ಯತ್ವ ಶುಲ್ಕ ಒಂದು ಡಾಲರ್. 1965ರಲ್ಲಿ ರಾಜ್ಯ ಶಾಸನಸಭೆ ಕೊಲ್ಲಿ ಸಂರಕ್ಷಣೆ ಮತ್ತು ಅಭಿವೃದ್ಧಿ ಆಯೋಗವನ್ನು ಸ್ಥಾಪಿಸಿತು, 1969ರಲ್ಲಿ ಅದನ್ನು ಕಾಯಂ ಮಾಡಿತು. ಕೊಲ್ಲಿ ತುಂಬಲು ಬರೆದ ನಕ್ಷೆಯೇ ಕೊಲ್ಲಿ ತುಂಬುವುದನ್ನು ನಿಲ್ಲಿಸಿತು.

ಮೇಲೆ ಆಲ್ವಿಸೋ ಎಂದೆ. ಸ್ಯಾನ್ ಹೋಸೆಯ ಉತ್ತರದ ಅಂಚಿನಲ್ಲಿ, ಹೆದ್ದಾರಿ 237ರ ಆಚೆಗಿರುವ ಈ ಪುಟ್ಟ ಊರನ್ನು ನಮ್ಮಲ್ಲಿ ಬಹಳ ಮಂದಿ ದಿನಾ ಕಚೇರಿಗೆ ಹೋಗುತ್ತ ಕಾರಿನ ಕಿಟಕಿಯಿಂದ ನೋಡಿರುತ್ತಾರೆ, ಒಳಗೆ ಹೋಗಿರುವುದಿಲ್ಲ. ಸಾಂತಾ ಕ್ಲಾರಾ ಕಣಿವೆಯಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ಆರು ದಶಕಗಳಲ್ಲಿ ಹಣ್ಣಿನ ತೋಟಗಳಿಗೂ ಬೆಳೆಯುತ್ತಿದ್ದ ನಗರಕ್ಕೂ ಎಗ್ಗಿಲ್ಲದೆ ಅಂತರ್ಜಲ ಎತ್ತಿದ್ದರ ಫಲವಾಗಿ ಸ್ಯಾನ್ ಹೋಸೆಯ ನೆಲ ಸುಮಾರು 13 ಅಡಿಯಷ್ಟು ಕುಸಿಯಿತು. ಅಂತರ್ಜಲ ಎತ್ತುವುದರಿಂದ ನೆಲ ಕುಸಿಯುತ್ತದೆ ಎಂಬುದನ್ನು ಅಮೆರಿಕದಲ್ಲಿ ಮೊದಲು ಗುರುತಿಸಿದ್ದೇ ಈ ಕಣಿವೆಯಲ್ಲಿ. ಹೊರಗಿನಿಂದ ನೀರು ತಂದ ಮೇಲೆ, 1970ರ ಆಸುಪಾಸಿನಲ್ಲಿ, ಕುಸಿತ ನಿಂತಿತು. ಕುಸಿದ ನೆಲ ಮೇಲೇಳಲಿಲ್ಲ. ಆಲ್ವಿಸೋ ಸಮುದ್ರ ಮಟ್ಟಕ್ಕಿಂತ ಕೆಳಗಿಳಿಯಿತು. 1983ರಲ್ಲಿ ನೆರೆ ಬಂದಾಗ ಊರಿಗೆ ಊರೇ ನೀರಿನಲ್ಲಿ ನಿಂತಿತು. ನೀರು ಎತ್ತಿದವರು ಕಣಿವೆಯ ಎಲ್ಲರೂ, ಮುಳುಗಿದವರು ಬಹುಪಾಲು ಮೆಕ್ಸಿಕನ್ ಮೂಲದ ಬಡ ಕುಟುಂಬಗಳು. ಬೋರ್‌ವೆಲ್ ಕೊರೆದು ಕೊರೆದು ಸಾವಿರ ಅಡಿ ದಾಟಿದ ಬೆಂಗಳೂರಿನವರಿಗೆ ಈ ಕಥೆಯ ಅರ್ಧ ಭಾಗವನ್ನಾದರೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಇಲ್ಲಿನ ಡಿಜಿಟಲ್ ನಕ್ಷೆಗಳ ವಿಷಯಕ್ಕೆ ಬರುತ್ತೇನೆ. ಸಮುದ್ರ ಮಟ್ಟ ಏರಿದರೆ ಯಾವ ಬೀದಿ ಮುಳುಗುತ್ತದೆ ಎಂದು ತೋರಿಸುವ ನಕ್ಷೆಗಳನ್ನು ಇಲ್ಲಿ ಯಾರು ಬೇಕಾದರೂ ಮನೆಯಲ್ಲಿ ಕುಳಿತು ನೋಡಬಹುದು. ಒಂದಡಿ, ಎರಡಡಿ ಎಂದು ನೀರನ್ನು ಏರಿಸುತ್ತ ಹೋದರೆ ತೆರೆಯ ಮೇಲೆ ನೀಲಿ ಹರಡುತ್ತದೆ. ಇವು ಬಹಳ ಉಪಯುಕ್ತ ನಕ್ಷೆಗಳು. ನಾನೇ ವಿದ್ಯಾರ್ಥಿಗಳಿಗೆ ಪಾಠದಲ್ಲಿ ತೋರಿಸುತ್ತೇನೆ. ಆದರೆ ಬಹುಕಾಲ ಇವು ಲೆಕ್ಕ ಹಾಕಿದ್ದು ದಡದ ಮೇಲಿಂದ ಹರಿದು ಬರುವ ನೀರನ್ನು ಮಾತ್ರ. ಏರಿಯ ಹಿಂದಿರುವ ನೆಲ ನಕ್ಷೆಯಲ್ಲಿ ಒಣಗಿ ಕಾಣುತ್ತಿತ್ತು, ಆದ್ದರಿಂದ ಏರಿ ಎತ್ತರಿಸಿದರೆ ಸಾಕು ಎಂಬ ತೀರ್ಮಾನವೂ ಸಹಜವಾಗಿ ಕಾಣುತ್ತಿತ್ತು. ಸಮುದ್ರ ಏರಿದಂತೆ ದಡದ ಬಳಿಯ ಅಂತರ್ಜಲವೂ ಕೆಳಗಿನಿಂದ ಏರುತ್ತದೆ, ಅದಕ್ಕೆ ಏರಿ ಅಡ್ಡವಾಗುವುದಿಲ್ಲ, ಹಳೆಯ ಕಾರ್ಖಾನೆಗಳ ನೆಲದಲ್ಲಿ ಹೂತಿರುವ ವಿಷವನ್ನೂ ಅದು ಮೇಲೆತ್ತಬಹುದು ಎಂದು ಬರ್ಕ್‌ಲಿಯ ಕ್ರಿಸ್ಟಿನಾ ಹಿಲ್ ಅವರಂಥ ಸಂಶೋಧಕರು ಪಟ್ಟು ಹಿಡಿದು ಹೇಳುತ್ತ ಬಂದರು. 2022ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಎಸ್ಚುಅರಿ ಇನ್‌ಸ್ಟಿಟ್ಯೂಟ್ ಮತ್ತು ಪಾಥ್‌ವೇಸ್ ಕ್ಲೈಮೇಟ್ ಇನ್‌ಸ್ಟಿಟ್ಯೂಟ್ ಸೇರಿ ನಾಲ್ಕು ಕೌಂಟಿಗಳ ಮೇಲ್ಮಟ್ಟದ ಅಂತರ್ಜಲದ ನಕ್ಷೆ ಪ್ರಕಟಿಸಿದವು. ಒಂದು ಪದರ ಸೇರಿದ್ದಷ್ಟೇ; ಸುರಕ್ಷಿತವೆಂದು ಕಂಡಿದ್ದ ಎಷ್ಟೋ ಬೀದಿಗಳ ಬಣ್ಣ ಬದಲಾಯಿತು.

ಅದೇ ಎಸ್ಚುಅರಿ ಸಂಸ್ಥೆ ಮಾಡುವ ಇನ್ನೊಂದು ಕೆಲಸ ನನಗೆ ಹೆಚ್ಚು ಪ್ರಿಯವಾದದ್ದು. ಸ್ಪ್ಯಾನಿಷ್ ಮತ್ತು ಮೆಕ್ಸಿಕನ್ ಕಾಲದ ಕೈಬರಹದ ಜಮೀನು ನಕ್ಷೆಗಳು, 1850ರ ದಶಕದ ಕರಾವಳಿ ಸರ್ವೆಯ ಹಾಳೆಗಳು, ಹಳೆಯ ಛಾಯಾಚಿತ್ರಗಳನ್ನೆಲ್ಲ ಕಲೆಹಾಕಿ, ಇಂದಿನ ಉಪಗ್ರಹ ಚಿತ್ರಕ್ಕೆ ಹೊಂದಿಸಿ, ಎಲ್ಲಿ ಜೌಗು ಇತ್ತು, ಎಲ್ಲಿ ತೊರೆ ಹರಿಯುತ್ತಿತ್ತು ಎಂಬುದನ್ನು ಅವರು ಮರಳಿ ಬರೆಯುತ್ತಾರೆ. ಆ ನಕ್ಷೆಗಳು ಪ್ರದರ್ಶನದ ವಸ್ತುಗಳಲ್ಲ. 2003ರಲ್ಲಿ ಖರೀದಿಸಲಾದ 15,100 ಎಕರೆ ಉಪ್ಪಿನ ಗದ್ದೆಗಳನ್ನು ಜೌಗಾಗಿ ಮರಳಿಸುವ ಯೋಜನೆಯಂಥವುಗಳಿಗೆ ಅಂಥ ಜ್ಞಾನವೇ ಆಧಾರ. ಹಳೆಯ ಗೆರೆ ಇಲ್ಲಿ ಸಾಕ್ಷಿ. ವರ್ತೂರಿನಲ್ಲಿ ಅದು ಅಡಚಣೆ.

ಇಲ್ಲಿಯದನ್ನು ಸ್ವರ್ಗವೆಂದು ಬಣ್ಣಿಸುತ್ತಿದ್ದೇನೆಂದು ಯಾರೂ ತಿಳಿಯಬಾರದು. ಫಾಸ್ಟರ್ ಸಿಟಿಯನ್ನು 1960ರ ದಶಕದಲ್ಲಿ ಕಟ್ಟಿದ್ದು ಜೌಗಿನ ಮೇಲೆ ಮಣ್ಣು ತುಂಬಿಯೇ. ಅದರ ಏರಿಯನ್ನು ಎತ್ತರಿಸಲು 2018ರಲ್ಲಿ ಅಲ್ಲಿನ ಮತದಾರರು 9 ಕೋಟಿ ಡಾಲರುಗಳ ಸಾಲಪತ್ರಕ್ಕೆ ಒಪ್ಪಿಗೆ ಕೊಟ್ಟರು. ಅವರ ಹತ್ತಿರ ಹಣವಿತ್ತು. ಮತ್ತೆ, ಓಕ್‌ಲ್ಯಾಂಡಿನ 1937ರ ನಕ್ಷೆಯನ್ನು ಯಾರು ಮರೆಯಲಾದೀತು? ಮನೆಸಾಲದ ಒಕ್ಕೂಟ ಸರ್ಕಾರಿ ಸಂಸ್ಥೆ ಬಡಾವಣೆಗಳನ್ನು ನಾಲ್ಕು ಬಣ್ಣಗಳಾಗಿ ವಿಂಗಡಿಸಿ, ಕರಿಯರೂ ವಲಸಿಗರೂ ಇದ್ದ ಕಡೆ ಕೆಂಪು ಬಳಿಯಿತು. ಪಶ್ಚಿಮ ಓಕ್‌ಲ್ಯಾಂಡು ಕೆಂಪಾಯಿತು. ರಿಚ್‌ಮಂಡ್ ವಿಶ್ವವಿದ್ಯಾಲಯ ಡಿಜಿಟಲೀಕರಿಸಿರುವ ಆ ನಕ್ಷೆಗಳನ್ನು ನೋಡುವಾಗ ನನಗೆ ಹೊಳೆಯುವುದು ನಮ್ಮ ಹಳ್ಳಿಗಳ ಚಿತ್ರ. ಊರಿನ ತಗ್ಗಿನಲ್ಲಿ, ನೀರು ನಿಲ್ಲುವ ಕಡೆಯಲ್ಲಿ, ಸ್ಮಶಾನದ ಪಕ್ಕದಲ್ಲಿ ಕೇರಿ. ಅದಕ್ಕೆ ಬಣ್ಣದ ನಕ್ಷೆಯೂ ಬೇಕಾಗಿರಲಿಲ್ಲ.

ಆ ಕೆಂಪು ನಕ್ಷೆಯನ್ನು ತಿರುಗಿಸಿ ಹಾಕುವ ಪ್ರಯತ್ನವೂ ಇಲ್ಲಿ ನಡೆದಿದೆ. ಕೊಲ್ಲಿ ಪ್ರದೇಶದ ನಗರಗಳು 2023ರಿಂದ 2031ರೊಳಗೆ ಒಟ್ಟು 441,176 ಮನೆಗಳಿಗೆ ಜಾಗ ತೋರಿಸಬೇಕು. 2018ರ ರಾಜ್ಯ ಶಾಸನದ ಪ್ರಕಾರ ಬಡವರ ಮನೆಗಳನ್ನೆಲ್ಲ ಬಡ ಬಡಾವಣೆಗಳಿಗೇ ತಳ್ಳುವಂತಿಲ್ಲ. ಒಳ್ಳೆಯ ಶಾಲೆ, ಕೆಲಸ, ಶುದ್ಧ ಗಾಳಿ ಇರುವ ಕಡೆಯೂ ಕಟ್ಟಬೇಕು. ಯಾವುದು ಅಂಥ ಕಡೆ ಎಂದು ಹೇಳಲು 'ಅವಕಾಶ ನಕ್ಷೆ' ಎಂಬುದನ್ನು ರಾಜ್ಯ ಪ್ರತಿವರ್ಷ ಪ್ರಕಟಿಸುತ್ತದೆ. ಇದು ನಕ್ಷೆಯನ್ನು ನ್ಯಾಯದ ಕೆಲಸಕ್ಕೆ ಹಚ್ಚುವ ಬಗೆ.

ಇದನ್ನು ವಿರೋಧಿಸುವವರ ಸಾಲಿನಲ್ಲಿ ನಾವೂ ಇದ್ದೇವೆ. ನಮ್ಮ ಊರಿನ ನಗರಸಭೆಯಲ್ಲಿ, ರೈಲು ನಿಲ್ದಾಣದ ಹತ್ತಿರದ ಒಂದು ಪಾರ್ಕಿಂಗ್ ಜಾಗದಲ್ಲಿ ಕಡಿಮೆ ಆದಾಯದವರಿಗೆ ಐದಂತಸ್ತಿನ ಕಟ್ಟಡ ಬರುವ ಪ್ರಸ್ತಾವದ ವಿಚಾರಣೆಗೆ ಹೋಗಿದ್ದೆ. ಎದ್ದು ನಿಂತು 'ನೆರೆಹೊರೆಯ ಸ್ವರೂಪ' ಕೆಡುತ್ತದೆ ಎಂದವರಲ್ಲಿ ಇಬ್ಬರು, ಬಸವ ಜಯಂತಿಯಂದು ಸಮಾನತೆಯ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡಿದ್ದ ಗೆಳೆಯರು. ಅವರ ಕೈಯಲ್ಲೂ ನಕ್ಷೆಯಿತ್ತು: ವಾಹನ ಸಂಚಾರದ್ದು, ಬಣ್ಣಬಣ್ಣದ್ದು, ಅಚ್ಚುಕಟ್ಟಾಗಿ ಮಾಡಿದ್ದು. ನಗರದೊಳಗೆ ಜಾಗ ಕೊಡದಿದ್ದರೆ ಆ ಜನ ಟ್ರೇಸಿ, ಮಂಟೀಕಾಗಳ ಹೊಲಗಳನ್ನು ಬಡಾವಣೆ ಮಾಡಿಕೊಂಡು, ದಿನಕ್ಕೆ ನಾಲ್ಕು ಗಂಟೆ ಕಾರಿನಲ್ಲಿ ಕಳೆದು ನಮ್ಮ ಕಚೇರಿ ಗುಡಿಸಲು ಬರುತ್ತಾರೆ. ಅದು ಯಾವ ಸಂಚಾರ ನಕ್ಷೆಯಲ್ಲೂ ಇರಲಿಲ್ಲ.

ಇನ್ನು ಕರ್ನಾಟಕದ ಮಾತು. ಅಲ್ಲಿ ತಂತ್ರಜ್ಞಾನದ ಕೊರತೆಯಿದೆ ಎಂದು ಹೇಳುವವರು ವಸ್ತುಸ್ಥಿತಿ ಬಲ್ಲವರಲ್ಲ. ಇಸ್ರೋದ ಊರು ಅದು. 'ಭೂಮಿ' ಯೋಜನೆಯಲ್ಲಿ ಪಹಣಿಗಳನ್ನು ಗಣಕೀಕರಿಸಿ ಎರಡು ದಶಕಗಳೇ ದಾಟಿವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ.ವಿ. ರಾಮಚಂದ್ರ ಅವರ ತಂಡ 1970ರ ದಶಕದಿಂದೀಚಿನ ಉಪಗ್ರಹ ಚಿತ್ರಗಳನ್ನು ಜೋಡಿಸಿ ಕೆರೆಗಳು ಹೇಗೆ ಕರಗಿದವೆಂದು ಮತ್ತೆ ಮತ್ತೆ ತೋರಿಸಿದೆ. ಬೆಳ್ಳಂದೂರು ಕೆರೆಯ ಕೋಡಿ ವರ್ತೂರಿಗೆ, ವರ್ತೂರಿನದು ದಕ್ಷಿಣ ಪಿನಾಕಿನಿಗೆ ಎಂಬುದು ಹಿಂದಿನ ನೀರುಗಂಟಿಗೆ ಬಾಯಿಪಾಠವಾಗಿತ್ತು. ಇಂದು ಎತ್ತರದ ಅಂಕಿಅಂಶ ಇರುವ ಯಾವ ಲ್ಯಾಪ್‌ಟಾಪಾದರೂ ಅದನ್ನು ಕೆಲ ನಿಮಿಷಗಳಲ್ಲಿ ಗೆರೆ ಎಳೆದು ತೋರಿಸುತ್ತದೆ.

ಗೊತ್ತಿಲ್ಲದೆ ಆದದ್ದಲ್ಲ ಎಂಬುದಕ್ಕೆ ನಿಯಮಗಳ ಹಗ್ಗಜಗ್ಗಾಟವೇ ಪುರಾವೆ. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಜಾಗ ಬಿಡಬೇಕೆಂದಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಮಹಾಯೋಜನೆಯ 30 ಮೀಟರೇ ಉಳಿಯಿತು. 2025ರಲ್ಲಿ ಕೆರೆಯ ವಿಸ್ತೀರ್ಣ ಕಡಿಮೆಯಾದಂತೆ ಆ ಅಂಚನ್ನೂ ಕಿರಿದುಗೊಳಿಸುವ ಮಸೂದೆ ವಿಧಾನಮಂಡಲದ ಮುಂದೆ ಬಂತು. ಕೆರೆಯನ್ನು ಒತ್ತಿ ಒತ್ತಿ ಚಿಕ್ಕದು ಮಾಡಿದವರಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಬೇಕೆ? ಮೀಟರುಗಳು ಬದಲಾಗುತ್ತಿದ್ದರೆ ನಕ್ಷೆಯ ಮೇಲಿನ ನೀಲಿ ಅಂಚು ಉಬ್ಬುತ್ತ ಕುಗ್ಗುತ್ತ ಇರುತ್ತದೆ. ನೀರಿಗೆ ಆ ಆದೇಶಗಳ ಪ್ರತಿ ತಲುಪುವುದಿಲ್ಲ. ಇನ್ನು 2031ರವರೆಗಿನ ಮಹಾಯೋಜನೆಯ ಕರಡು 2017ರಲ್ಲಿ ಬಂದು, ಸಾವಿರಾರು ಆಕ್ಷೇಪಣೆಗಳನ್ನು ಸ್ವೀಕರಿಸಿ, 2020ರಲ್ಲಿ ವಾಪಸಾಯಿತು. ನಗರ ಮಾತ್ರ ಅದಕ್ಕಾಗಿ ಕಾಯಲಿಲ್ಲ.

ಪಶ್ಚಿಮ ಘಟ್ಟದ ಅನುಭವ ಇದಕ್ಕಿಂತ ಕಹಿ, ಯಾಕೆಂದರೆ ಅಲ್ಲಿ ನಕ್ಷೆ ಮಾಡಿದವರ ಉದ್ದೇಶ ಒಳ್ಳೆಯದೇ ಆಗಿತ್ತು. 2011ರ ಮಾಧವ ಗಾಡ್ಗೀಳ್ ಸಮಿತಿ ಘಟ್ಟವನ್ನು ಸುಮಾರು 9 ಕಿಲೋಮೀಟರ್ ಉದ್ದಗಲದ ಚೌಕಗಳಾಗಿ ವಿಂಗಡಿಸಿ ಸೂಕ್ಷ್ಮತೆ ಅಳೆಯಿತು. ಅಂತಿಮ ಗಡಿಗಳನ್ನು ಗ್ರಾಮಸಭೆಗಳ ಜೊತೆ ಕೂತು ತೀರ್ಮಾನಿಸಬೇಕೆಂದೂ ಹೇಳಿತು. ವರದಿ ಮೂಲೆಗೆ ಸೇರಿತು. 2013ರಲ್ಲಿ ಕಸ್ತೂರಿರಂಗನ್ ಸಮಿತಿ ಇನ್ನೂ ಸೂಕ್ಷ್ಮವಾದ ಉಪಗ್ರಹ ಚಿತ್ರ ಬಳಸಿ, ನೆಲವನ್ನು 'ನೈಸರ್ಗಿಕ', 'ಸಾಂಸ್ಕೃತಿಕ' ಎಂದು ಎರಡಾಗಿ ಬೇರ್ಪಡಿಸಿತು. ನಿಖರತೆ ಹೆಚ್ಚಿತು, ಗ್ರಾಮಸಭೆ ಹಿಂದೆ ಸರಿಯಿತು. ಮಲೆನಾಡಿನ ರೈತರು ಕೇಳಿದ ಪ್ರಶ್ನೆ ತಾಂತ್ರಿಕವಾಗಿಯೂ ಸರಿಯಾದದ್ದೇ: ಮರದ ನೆರಳಿನ ಕಾಫಿ ತೋಟ, ಅಡಿಕೆ ತೋಟ ಮೇಲಿನಿಂದ ಕಾಡಿನಂತೆ ಕಂಡರೆ ಏನು ಗತಿ? ಕರ್ನಾಟಕದ 1,576 ಹಳ್ಳಿಗಳ ಹೆಸರು ಪಟ್ಟಿಯಲ್ಲಿ ಬಂದಾಗ ತಮ್ಮ ಊರು ಯಾಕೆ ಸೇರಿತು ಎಂದು ಕೇಳಲು ಜನರಿಗೆ ದಾರಿ ಇರಲಿಲ್ಲ. ಪಟ್ಟಿ ಸಿಕ್ಕಿತು, ಅದರ ಹಿಂದಿನ ಲೆಕ್ಕ ಅವರ ಭಾಷೆಯಲ್ಲಿ ಸಿಗಲಿಲ್ಲ. ಆ ಜಾಗವನ್ನು ಗಾಳಿಸುದ್ದಿ ತುಂಬಿತು, ಗಣಿ ಮತ್ತು ರೆಸಾರ್ಟಿನವರು ರೈತರ ಬೆನ್ನ ಹಿಂದೆ ಆರಾಮವಾಗಿ ನಿಂತರು. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಿತು. ಅಷ್ಟು ವಿಜ್ಞಾನ ಸುರಿದ ನಕ್ಷೆ ಒಂದು ಗುಡ್ಡವನ್ನೂ ಕಾಯಲಾಗದೆ ಉಳಿದದ್ದು ನನ್ನ ವೃತ್ತಿಯವರು ತಲೆತಗ್ಗಿಸಿ ಯೋಚಿಸಬೇಕಾದ ಸಂಗತಿ.

ಹಾಗಾದರೆ ಏನು ಮಾಡಬೇಕು? ಭೂಬಳಕೆ ತೀರ್ಮಾನಿಸುವ ಯಾವ ನಕ್ಷೆಯೂ ಗೆಜೆಟ್ ಸೇರುವ ಮುನ್ನ, ಅದರ ಎಲ್ಲ ಪದರಗಳು, ಅವುಗಳನ್ನು ಆಯ್ದ ಕಾರಣ, ತೂಕ ಹಾಕಿದ ನಿಯಮ ಕನ್ನಡದಲ್ಲಿ ಪ್ರಕಟವಾಗಬೇಕು, ಚಿತ್ರವಾಗಿ ಅಲ್ಲ, ಯಾರು ಬೇಕಾದರೂ ಇಳಿಸಿಕೊಂಡು ಪರೀಕ್ಷಿಸಬಹುದಾದ ದತ್ತಾಂಶವಾಗಿ. ಗ್ರಾಮಸಭೆ ಮತ್ತು ವಾರ್ಡ್ ಸಭೆಗಳಲ್ಲಿ ಜನ ಎತ್ತಿದ ಆಕ್ಷೇಪಣೆ ಕಡತದೊಳಗೆ ಮಾಯವಾಗದೆ ನಕ್ಷೆಯ ಮೇಲೆಯೇ ಒಂದು ಪದರವಾಗಿ ಕಾಣಬೇಕು: ಇಲ್ಲಿ ಹಳ್ಳವಿತ್ತು, ಇದು ನಮ್ಮ ಗೋಮಾಳ, ಈ ಮೂಲೆಯಲ್ಲಿ ಮಳೆಗಾಲದಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ. ಅದನ್ನು ತಳ್ಳಿಹಾಕಿದ ಅಧಿಕಾರಿಯ ಕಾರಣವೂ ಅದರ ಪಕ್ಕದಲ್ಲೇ ಇರಬೇಕು. ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರಕ್ಕೆ ಹೊಂದಿಸುವಾಗ ಕೆಲ ಮೀಟರುಗಳ ವ್ಯತ್ಯಾಸ ಬರುವುದು ಸಹಜ. ಎಷ್ಟು ವ್ಯತ್ಯಾಸ ಎಂಬುದನ್ನು ಬಚ್ಚಿಡದೆ ಬರೆಯಬೇಕು. ಇಲ್ಲದಿದ್ದರೆ ಬುಲ್ಡೋಜರು ಬಂದ ದಿನ ಆ ಕೆಲ ಮೀಟರುಗಳು ಬಡವನ ಗೋಡೆಯ ಕಡೆಗೇ ಸರಿಯುತ್ತವೆ, ದೊಡ್ಡ ಬಡಾವಣೆಯ ಗೇಟಿನ ಕಡೆಗೆ ಸರಿದದ್ದನ್ನು ನಾನಂತೂ ಕಂಡಿಲ್ಲ.

ಇದು ಕನಸಿನ ಮಾತೇನಲ್ಲ. ದೇವನಹಳ್ಳಿಯ ಬಳಿ 1,777 ಎಕರೆ ಸ್ವಾಧೀನಕ್ಕೆ ಗುರುತಾದ 13 ಹಳ್ಳಿಗಳ ರೈತರು ಮೂರು ವರ್ಷ ಮೀರಿ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಕೈಗಾರಿಕೆಗೆ ಗುರುತು ಹಾಕಿದ ನಕ್ಷೆಯಲ್ಲಿ ರಾಗಿ, ರೇಷ್ಮೆ, ದ್ರಾಕ್ಷಿ ಬೆಳೆಯುವ ಹೊಲಗಳು ಬರೀ ಸರ್ವೆ ನಂಬರುಗಳಾಗಿದ್ದವು. ಅಲ್ಲೇನು ಬೆಳೆಯುತ್ತದೆ ಎಂಬ ಪದರವನ್ನು ಸೇರಿಸಲು ಆ ಜನ ಸಾವಿರಕ್ಕೂ ಹೆಚ್ಚು ದಿನ ಬೀದಿಯಲ್ಲಿ ಕೂರಬೇಕಾಯಿತು.

ಮಿಲ್ಪಿಟಾಸ್‌ನ ಪರಿಚಿತರು ಸೈಟು ಕೊಂಡರು. ನಾನು ಬೇಡವೆಂದದ್ದಕ್ಕೆ ಬೇಸರವೇನೂ ಮಾಡಿಕೊಳ್ಳಲಿಲ್ಲ. ಸಂಕ್ರಾಂತಿಗೆ ಎಳ್ಳುಬೆಲ್ಲ ತಂದುಕೊಟ್ಟರು. ಅದಾದ ಎರಡು ವಾರಕ್ಕೆ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಪಾಯಕ್ಕೆ ಅಗೆದ ಗುಂಡಿಗಳು, ಈಶಾನ್ಯ ಮೂಲೆಯ ಎರಡರಲ್ಲಿ ಮಣ್ಣಿನ ಬಣ್ಣದ ನೀರು. ಮಳೆ ಬಿದ್ದು ತಿಂಗಳುಗಳೇ ಆಗಿದ್ದವು. ಕೆಳಗೆ ಬರೆದಿದ್ದರು: "ಸ್ವಲ್ಪ ಒಸರು ಬರ್ತಾ ಇದೆ ಮೇಡಂ. ಮೇಸ್ತ್ರಿ ಪಂಪ್ ಹಾಕಿಸಿದ್ದಾರೆ, ಪರವಾಗಿಲ್ಲ."